ಗಟ್ಟಿ ಲೇಸು ಆಮೇಲೆ, ಮೊದಲು ರಿಂಗು ನೋಡಿ

ನಾಲ್ಕು ತಿಂಗಳಲ್ಲಿ ಎರಡು ಸಲ ಬೂಟಿನ ಲೇಸು ಕಿತ್ತುಹೋಯಿತು, ಸಿಗುವುದರಲ್ಲೇ ಗಟ್ಟಿ ಯಾವುದು ಅಂತ ಕೇಳಿದ್ದೀರಿ. ಎರಡು ಸಲವೂ ಅದೇ ಕಾಲಿನ ಬೂಟು, ಅದೇ ಜಾಗವಾ? ನನ್ನದು ಹಾಗೇ ಆಗುತ್ತಿತ್ತು. ಬಲಗಾಲು, ಹೊರಗಡೆ ಸಾಲು, ಕೆಳಗಿನಿಂದ ಐದನೇ ರಿಂಗು, ಅಂದರೆ ಲೇಸು ತೂರುವ ತೂತಿನ ಲೋಹದ ಬಳೆ.

ವಾರಕ್ಕೆರಡು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಮೊದಲು ಹೋಗಿದ್ದು ಹತ್ತಿ ಲೇಸು, ಹಳೇದಾಗಿತ್ತು ಅಂದುಕೊಂಡೆ. ಅರಸು ರಸ್ತೆಯಲ್ಲಿ ದಪ್ಪ ಪಾಲಿಯೆಸ್ಟರ್ ಲೇಸು ತಂದೆ, ಎರಡು ತಿಂಗಳು ಬಂತು. ಆಮೇಲೆ ಆನ್‌ಲೈನಿನಲ್ಲಿ ಕೆವ್ಲಾರ್ ಅನ್ನುವ ತುಂಬಾ ಗಟ್ಟಿ ನೂಲು ಬೆರೆಸಿದ್ದು ತರಿಸಿದೆ. ಅದು ಇಳಿಯುವಾಗ, ನಂದಿ ದಾಟಿದ ಮೇಲೆ ಹೋಯಿತು. ಬೂಟು ಸಡಿಲವಾಗಿ, ಪ್ರತಿ ಮೆಟ್ಟಿಲಿಗೂ ಪಾದ ಮುಂದೆ ಜಾರಿ ಹೆಬ್ಬೆರಳು ಮೂತಿಗೆ ಗುದ್ದುತ್ತಿತ್ತು. ಕೆಳಗೆ ಬರುವ ಹೊತ್ತಿಗೆ ಉಗುರು ಕಪ್ಪಾಗಿತ್ತು.

ಮಾರನೇ ದಿನ ನಮ್ಮ ಬೀದಿ ಮೂಲೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಲೇಸು ಕೇಳಿದೆ. ಅವರು ಬೂಟು ಕೈಗೆ ತಗೊಂಡು, ರಿಂಗಿನೊಳಗೆ ಕಿರುಬೆರಳ ಉಗುರು ಆಡಿಸಿ, "ಲೇಸ್ ಬುಡಿ ಸಾ, ಮೊದ್ಲು ರಿಂಗ್ ನೋಡಿ" ಅಂದರು. ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಅದರ ತುಟಿ ಮೇಲೆದ್ದು ಬ್ಲೇಡಿನ ಹಾಗೆ ಕೂತಿತ್ತು.

ನಾನು ಮಾಡಿದ ತಪ್ಪು ಇದೇ, ಬಿಡಿಸಿ ಹೇಳುತ್ತೇನೆ. ಲೇಸು ಕಿತ್ತಾಗ ಲೇಸನ್ನು ಮಾತ್ರ ನೋಡಿದೆ. ಅದು ಎಳೆತಕ್ಕೆ ಕಿತ್ತಿದ್ದಲ್ಲ, ಗರಗಸದಲ್ಲಿ ಕೊಯ್ದ ಹಾಗೆ ಸವೆದಿದ್ದು. ಬೂಟಿನಲ್ಲಿ ರಿಂಗು ಮುಗಿದು ಹುಕ್ಕು ಶುರುವಾಗುವ ಜಾಗ ಸರಿಯಾಗಿ ಕಣಕಾಲು ಮಡಿಯುವ ಕಡೆ ಬರುತ್ತದೆ. ಪ್ರತಿ ಹೆಜ್ಜೆಗೂ ಅಲ್ಲಿ ಲೇಸು ಕೂದಲೆಳೆಯಷ್ಟು ಮೇಲೆ ಕೆಳಗೆ ಜಾರುತ್ತದೆ, ಇಳಿಜಾರಿನಲ್ಲಿ ಎಳೆತವೂ ಸೇರುತ್ತದೆ. ಹೊರಗಿನ ನೇಯ್ಗೆ ಮೊದಲು ನವಿರಾಗಿ ಏಳುತ್ತದೆ, ಆಮೇಲೆ ಒಳಗಿನ ಎಳೆ ಒಂದೊಂದಾಗಿ ಹೋಗುತ್ತದೆ. ಇಂಥ ಅಂಚಿನ ಮುಂದೆ ದುಬಾರಿ ಲೇಸು ನಾಲ್ಕು ವಾರ ಹೆಚ್ಚಿಗೆ ಬರಬಹುದು, ಅಷ್ಟೇ. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಬೇಕಾಗಿರುವುದು ಗಟ್ಟಿ ಲೇಸಲ್ಲ, ನುಣುಪಾದ ರಿಂಗು.

ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಪ್ರತಿ ರಿಂಗಿನಲ್ಲೂ ತೂರಿಸಿ ಸುತ್ತ ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡಿತೋ, ಅಲ್ಲೇ ಮುಳ್ಳಿದೆ. ಹುಕ್ಕಿನ ಒಳಮಗ್ಗುಲಲ್ಲೂ ಹೀಗೇ ನೋಡಿ. ಸಣ್ಣ ಮುಳ್ಳಾದರೆ ಹಾರ್ಡ್‌ವೇರ್ ಅಂಗಡಿಯ 400 ನಂಬರ್ ವಾಟರ್ ಪೇಪರನ್ನು (ಉಜ್ಜುವ ಕಾಗದ) ಪೆನ್ನಿನ ರೀಫಿಲ್‌ಗೆ ಬಿಗಿಯಾಗಿ ಸುತ್ತಿ, ಒಳಗೆ ತೂರಿಸಿ ಹತ್ತಿಪ್ಪತ್ತು ಸಲ ಆಡಿಸಿ, ಮತ್ತೆ ಹತ್ತಿಕಡ್ಡಿ ಹಾಕಿ ನೋಡಿ. ಸೀಳೇ ಬಿಟ್ಟಿದ್ದರೆ ಉಜ್ಜಿ ಉಪಯೋಗವಿಲ್ಲ, ರಿಂಗನ್ನೇ ಬದಲಿ ಮಾಡಿಸಿ. ಹೊಸದು ಹಿತ್ತಾಳೆಯದೇ ಇರಲಿ. ಆಯಸ್ಕಾಂತ ಹಿಡಿದರೆ ಅಂಟುವುದು ಕಬ್ಬಿಣ. ಮೇಲಿನ ಲೇಪ ಹೋದ ಮೇಲೆ ಮಳೆಗೆ ತುಕ್ಕು ಹಿಡಿದು ಮತ್ತೆ ಅದೇ ಕಥೆ.

ಇನ್ನು ಲೇಸು. ಮಳೆಯಲ್ಲಿ ಓಡಾಡುವವರಿಗೆ ದುಂಡನೆಯ, ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಸಾಕು. ಹತ್ತಿ ನೀರು ಕುಡಿಯುತ್ತದೆ, ನೈಲಾನ್ ನೆನೆದರೆ ಹಿಗ್ಗುತ್ತದೆ, ಗಂಟೂ ಜಾರುತ್ತದೆ. ಉದ್ದಕ್ಕೆ ಹಳೇ ಲೇಸನ್ನು ನಂಬಬೇಡಿ, ಅದು ಹಿಗ್ಗಿರುತ್ತದೆ. ಬೂಟು ಹಾಕಿಕೊಂಡು ಅದಕ್ಕೇ ಒಂದು ಹುರಿದಾರ ಪೋಣಿಸಿ, ಗಂಟು ಹಾಕಿ, ಗುರುತು ಮಾಡಿ ಅಳೆಯಿರಿ. ಅಂದಾಜಿಗೆ: ಐದು ಜೊತೆ ತೂತಿನ ಶೂಗೆ 90ರಿಂದ 100 ಸೆಂ.ಮೀ., ಏಳು ಜೊತೆಗೆ 120, ಎಂಟು ಜೊತೆಯ ಬೂಟಿಗೆ 140ರಿಂದ 150. ಎಣಿಸಬೇಕಾದ್ದು ಜೊತೆ, ಹುಕ್ಕುಗಳೂ ಸೇರಿ. ಅಂಗಡಿಯವರು ಇಂಚಿನಲ್ಲಿ ಹೇಳಿದರೆ 36 ಇಂಚು ಅಂದರೆ 91 ಸೆಂ.ಮೀ., 54 ಅಂದರೆ 137.

ಉದ್ದ ಹೆಚ್ಚಾದರೆ ಕತ್ತರಿಸಿ. ಪಾಲಿಯೆಸ್ಟರ್ ತುದಿಯನ್ನು ಮೇಣದಬತ್ತಿಯ ಉರಿಯ ಪಕ್ಕ ಹಿಡಿದರೆ ಕರಗಿ ಅಂಟುತ್ತದೆ. ಉರಿಯೊಳಗೆ ಇಟ್ಟರೆ ಕಪ್ಪು ಉಂಡೆಯಾಗಿ ರಿಂಗಿನಲ್ಲಿ ತೂರುವುದಿಲ್ಲ. ಹತ್ತಿ ಕರಗುವುದಿಲ್ಲ, ಸುಡುತ್ತದೆ. ಅದಕ್ಕೆ ಫೆವಿಕ್ವಿಕ್ ಹಾಕಿ ಬೆರಳಲ್ಲಿ ಒತ್ತಬೇಡಿ, ಹತ್ತಿಗೆ ತಾಗಿದರೆ ಆ ಅಂಟು ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ, ಸಿಗುತ್ತದೆ. ಲೇಸನ್ನು ಹೊಸೆದರೆ ಕಷ್ಟಪಟ್ಟು ತೂರುವ ಅಳತೆಯದು, ನನಗೆ 4 ಮಿ.ಮೀ. ಹಿಡಿಯಿತು. ಎರಡು ಸೆಂ.ಮೀ. ತುಂಡು ತೊಡಿಸಿ ಉರಿ ತೋರಿಸಿ, ಬಿಗಿದುಕೊಳ್ಳುತ್ತದೆ.

ಎರಡೂ ಕಾಲಿನ ಲೇಸು ಒಟ್ಟಿಗೇ ಬದಲಾಯಿಸಿ, ಇಲ್ಲದಿದ್ದರೆ ಬಿಗಿ ಒಂದೇ ಸಮ ಬರುವುದಿಲ್ಲ. ಪೋಣಿಸುವಾಗ ಕೊನೆಯ ರಿಂಗಿನ ಮೇಲೆ, ಹುಕ್ಕಿಗೆ ಹೋಗುವ ಮುಂಚೆ, ಎರಡು ತುದಿಯನ್ನೂ ಒಂದರ ಸುತ್ತ ಒಂದು ಎರಡು ಸುತ್ತು ಹಾಕಿ ಎಳೆಯಿರಿ. ಅಲ್ಲಿ ಲೇಸು ಕಚ್ಚಿಕೊಂಡು ನಿಲ್ಲುತ್ತದೆ, ಪಾದ ಮುಂದೆ ಜಾರುವುದಿಲ್ಲ, ರಿಂಗಿನಲ್ಲಿ ಆ ಗರಗಸದಾಟವೂ ಕಡಿಮೆಯಾಗುತ್ತದೆ. ಮೇಲಿನ ಗಂಟಿನ ಕಿವಿಗಳು ಬೂಟಿಗೆ ಅಡ್ಡಡ್ಡ ಮಲಗಬೇಕು. ಕಾಲ್ಬೆರಳ ಕಡೆಗೊಂದು ಹಿಮ್ಮಡಿ ಕಡೆಗೊಂದು ತಿರುಗಿದ್ದರೆ ಮೊದಲ ಸುತ್ತು ತಪ್ಪಾಗಿದೆ. ಅದನ್ನಷ್ಟೇ ತಿರುವಿ ಹಾಕಿ, ದಾರಿಯಲ್ಲಿ ಬಿಚ್ಚಿಕೊಳ್ಳುವುದು ನಿಲ್ಲುತ್ತದೆ.

ಆ ಹಿತ್ತಾಳೆ ರಿಂಗು ಹಾಕಿಸಿ ಎರಡು ಮಳೆಗಾಲ ಆಯಿತು. ಬೂಟಿನಲ್ಲಿರುವುದು 40 ರೂಪಾಯಿಯ ಲೇಸು, ಐದನೇ ರಿಂಗಿನ ಹತ್ತಿರ ಇನ್ನೂ ನವಿರೆದ್ದಿಲ್ಲ.