ಒಂದೇ ಟೈರು, ಎದುರುಬದುರು ಅಂಗಡಿ

ಪ್ರಶ್ನೆ: ನಮ್ಮ ಕಾರಿನ ನಾಲ್ಕೂ ಟೈರುಗಳನ್ನು ಬದಲಿಸಬೇಕಾಗಿದೆ. ಪಿ.ಬಿ. ರಸ್ತೆಯಲ್ಲಿ ಎದುರುಬದುರಾಗಿರುವ ಎರಡು ಅಂಗಡಿಗಳಲ್ಲಿ ವಿಚಾರಿಸಿದೆ. ಕಂಪನಿ, ಅಳತೆ, ಮಾದರಿ ಎಲ್ಲವೂ ಒಂದೇ ಆಗಿದ್ದರೂ ಒಂದು ಅಂಗಡಿಯವರು ಟೈರೊಂದಕ್ಕೆ 350 ರೂಪಾಯಿ ಕಡಿಮೆ ಹೇಳಿದರು. ಹೆಚ್ಚು ಹೇಳಿದವರನ್ನು ಕೇಳಿದರೆ ‘ನಮ್ಮ ಸರ್ವಿಸ್ ಬೇರೆ ಸಾರ್’ ಎಂದರು. ಆ ಸರ್ವಿಸ್ ಎಂದರೆ ಏನು? ಹಣ ಕೊಡುವ ಮೊದಲೇ ಅದನ್ನು ಅಳೆಯುವುದು ಹೇಗೆ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ನಾಲ್ಕು ಟೈರಿಗೆ 1,400 ರೂಪಾಯಿ ವ್ಯತ್ಯಾಸವೆಂದರೆ ಸಣ್ಣ ಮಾತಲ್ಲ. ಆದರೆ ಆ ಎರಡು ದರಗಳು ಒಂದೇ ಕೆಲಸಕ್ಕೆ ಹೇಳಿದ ದರಗಳೇ ಎಂಬುದನ್ನು ಮೊದಲು ನೋಡಬೇಕು. ಟೈರಿನ ಮಾರಾಟದಲ್ಲಿ ಅಂಗಡಿಗೆ ಉಳಿಯುವ ಲಾಭ ತೆಳುವಾದದ್ದು, ಎದುರಿಗೇ ಇನ್ನೊಂದು ಅಂಗಡಿ ಇದ್ದಾಗಲಂತೂ ಅದು ಇನ್ನಷ್ಟು ತೆಳುವಾಗುತ್ತದೆ. ಹಾಗಾಗಿ ಟೈರಿನಲ್ಲಿ ಬಿಟ್ಟ ಹಣವನ್ನು ಫಿಟ್ಟಿಂಗ್, ವಾಲ್ವ್, ಚಕ್ರದ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್, ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್‌ಗಳಲ್ಲಿ ತುಂಬಿಕೊಳ್ಳುವವರು ಇದ್ದಾರೆ. ಬ್ಯಾಲೆನ್ಸಿಂಗ್‌ಗೆ ಹಚ್ಚುವ ತೂಕದ ಬಿಲ್ಲೆಗಳನ್ನು ಗ್ರಾಂ ಲೆಕ್ಕದಲ್ಲಿ ಬಿಲ್ಲಿಗೆ ಸೇರಿಸುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಹಳೆಯ ಟೈರುಗಳಿಗೆ ಒಬ್ಬರು ಬೆಲೆ ಕಟ್ಟಿ ಕಳೆಯುತ್ತಾರೆ, ಇನ್ನೊಬ್ಬರು ಮಾತೇ ಎತ್ತದೆ ಅವನ್ನು ಹಿಂದಿನ ಗೋಡೆಗೆ ಒರಗಿಸಿಬಿಡುತ್ತಾರೆ. ಆದ್ದರಿಂದ ಎರಡೂ ಕಡೆ ‘ಹಳೆಯ ಟೈರಿನ ಬೆಲೆ ಕಳೆದು, ಎಲ್ಲ ಕೆಲಸ ಸೇರಿ, ಜಿಎಸ್‌ಟಿ ಬಿಲ್ಲಿನೊಂದಿಗೆ ಒಟ್ಟು ಎಷ್ಟಾಗುತ್ತದೆ’ ಎಂದು ಕೇಳಿ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ ಎಂಬುದೂ ನೆನಪಿರಲಿ.

ಎರಡನೆಯದಾಗಿ, ಟೈರು ನಿಜಕ್ಕೂ ಒಂದೇ ಆಗಿದೆಯೇ ಎಂದು ನೋಡಿ. ಟೈರಿನ ಪಕ್ಕೆಯ ಮೇಲೆ ‘ಡಾಟ್’ (DOT) ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 1425 ಎಂದಿದ್ದರೆ ಅದು 2025ನೇ ಇಸವಿಯ 14ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಟೈರುಗಳನ್ನೂ ಹೊರಗೆ ತರಿಸಿ, ನಾಲ್ಕರ ಅಂಕಿಗಳನ್ನೂ ನೀವೇ ಓದಿ. ಗೋದಾಮಿನ ನೆರಳಿನಲ್ಲಿ ಚೆನ್ನಾಗಿ ಇಟ್ಟ ಟೈರು ಒಂದು ವರ್ಷದಲ್ಲಿ ಕೆಡುವುದಿಲ್ಲ, ನಿಜ. ಆದರೆ ಹಳೆಯ ದಾಸ್ತಾನನ್ನು ಹೊಸದರ ಬೆಲೆಗೆ ಕೊಳ್ಳಬೇಕಾದ ಕಾರಣವೂ ಇಲ್ಲ. ಕೇಳುವ ಮೊದಲೇ ಅಂಕಿಯ ಮೇಲೆ ಬೆರಳಿಟ್ಟು ತೋರಿಸುವ ಅಂಗಡಿಯವರನ್ನು ನಾನು ಕಂಡಿದ್ದೇನೆ, ಅಂಥವರ ಬಳಿಗೆ ಮತ್ತೆ ಮತ್ತೆ ಹೋಗಿದ್ದೇನೆ.

ಇನ್ನು ಸರ್ವಿಸ್ ವಿಚಾರ. ಕೌಂಟರಿನಲ್ಲಿ ಕೂರಿಸಿ ಕಾಫಿ ತರಿಸುವುದನ್ನೇ ಸರ್ವಿಸ್ ಎಂದು ನಾವು ನಂಬಿಬಿಟ್ಟಿದ್ದೇವೆ. ನಿಜವಾದ ವ್ಯತ್ಯಾಸ ಕಾಣುವುದು ಒಳಗೆ, ಕಾರು ಜಾಕಿನ ಮೇಲಿರುವಾಗ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ನಾನು ಟೈರು ಹಾಕಿಸಿದೆ. ಉಪಚಾರಕ್ಕೆ ಕೊರತೆಯಿರಲಿಲ್ಲ, ಇಪ್ಪತ್ತೇ ನಿಮಿಷದಲ್ಲಿ ಕಾರು ಹೊರಗೆ ಬಂತು. ಒಂದು ತಿಂಗಳ ನಂತರ ಚಾರ್ಮಾಡಿ ಘಾಟಿಯಲ್ಲಿ ಸಂಜೆ ಮಳೆಯ ನಡುವೆ ಪಂಕ್ಚರ್ ಆದಾಗ, ಕಾರಿನೊಂದಿಗೆ ಬಂದ ಸ್ಪ್ಯಾನರಿನಿಂದ ಒಂದು ನಟ್ಟೂ ಕದಲಲಿಲ್ಲ. ಸ್ಪ್ಯಾನರಿನ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತರೂ ಅದು ಬಾಗಿತೇ ಹೊರತು ನಟ್ಟು ತಿರುಗಲಿಲ್ಲ. ಕೊನೆಗೆ ಒಬ್ಬ ಲಾರಿ ಚಾಲಕರು ನಿಲ್ಲಿಸಿ, ತಮ್ಮ ಉದ್ದನೆಯ ಪೈಪನ್ನು ಹಿಡಿಗೆ ತೂರಿಸಿ ಬಿಚ್ಚಿಕೊಟ್ಟರು. ಗಾಳಿಯ ಗನ್ನಿನಿಂದ ಲೆಕ್ಕವಿಲ್ಲದೆ ಬಿಗಿದದ್ದೇ ಇದಕ್ಕೆಲ್ಲ ಕಾರಣ. ಹಾಗೆ ಬಿಗಿದರೆ ಬೋಲ್ಟಿನ ಎಳೆಗಳು ಕೆಡಬಹುದು, ಬ್ರೇಕ್ ಡಿಸ್ಕ್ ಸೊಟ್ಟಗಾಗಲೂಬಹುದು.

ಅದೇ ಕಾರನ್ನು ಮುಂದೆ ಇನ್ನೊಂದು ಸಣ್ಣ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ನಟ್ಟುಗಳನ್ನು ಮೊದಲು ಕೈಬೆರಳಿನಿಂದಲೇ ಕೂರಿಸಿದ, ಆಮೇಲೆ ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಅಡ್ಡಡ್ಡವಾಗಿ ಬಿಗಿದ, ಕಾರನ್ನು ನೆಲಕ್ಕಿಳಿಸಿದ ಮೇಲೆ ಟಾರ್ಕ್ ರೆಂಚ್ (ಗೊತ್ತುಮಾಡಿದ ಬಿಗಿತ ಬಂದಾಗ ಸದ್ದು ಮಾಡುವ ಸ್ಪ್ಯಾನರ್) ತಂದು ಪ್ರತಿ ನಟ್ಟಿನಿಂದಲೂ ‘ಟಕ್’ ಎಂಬ ಸದ್ದು ಬರುವವರೆಗೆ ಎಳೆದ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಬಿಲ್ಲೆ ಹಚ್ಚಿದ ಮೇಲೆ ಚಕ್ರವನ್ನು ಇನ್ನೊಮ್ಮೆ ತಿರುಗಿಸಿ, ಪರದೆಯ ಎರಡೂ ಕಡೆ ಸೊನ್ನೆ ಬಂದದ್ದನ್ನು ನನಗೆ ತೋರಿಸಿದ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯ ಗಾಳಿಯನ್ನೂ ನಾನು ಹೇಳದೆಯೇ ನೋಡಿದ. ಬಿಲ್ಲಿನ ಮೇಲೆ ಅಂದಿನ ಕಿಲೋಮೀಟರ್ ಓದು, ನಾಲ್ಕೂ ಟೈರುಗಳ ಕ್ರಮಸಂಖ್ಯೆ ಬರೆದಿದ್ದರು. ಇಷ್ಟಕ್ಕೆಲ್ಲ ಹಿಡಿದದ್ದು ಒಂದೂಕಾಲು ಗಂಟೆ. ಆ ಒಂದೂಕಾಲು ಗಂಟೆಗೆ ನಿಮ್ಮ 1,400 ರೂಪಾಯಿ ಕೊಡಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಹೆಚ್ಚು ದರ ಹೇಳಿದವರೆಲ್ಲ ಹೀಗೆ ಕೆಲಸ ಮಾಡುತ್ತಾರೆ ಎಂದೇನಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಎರಡೂ ಕಡೆ ಅರ್ಧ ಗಂಟೆ ನಿಂತು, ಬೇರೆಯವರ ಕಾರಿಗೆ ಏನು ಮಾಡುತ್ತಿದ್ದಾರೆ ಎಂದು ನೋಡಿ. ಟಾರ್ಕ್ ರೆಂಚ್ ಕೈಗೆ ಬರುತ್ತದೆಯೋ, ಗೋಡೆಯ ಮೊಳೆಯ ಮೇಲೇ ದೂಳು ತಿನ್ನುತ್ತಿದೆಯೋ ಎಂಬುದು ತಿಳಿಯುತ್ತದೆ. ಅಲೈನ್‌ಮೆಂಟ್ ಮುಗಿದ ಮೇಲೆ ಮೊದಲಿನ ಮತ್ತು ನಂತರದ ಅಳತೆಗಳಿರುವ ಹಾಳೆಯನ್ನು ಗ್ರಾಹಕರಿಗೆ ಕೊಡುತ್ತಾರೆಯೇ ಎಂದೂ ಗಮನಿಸಿ. ಬಾಗಿಲಲ್ಲೇ ‘ಗ್ರಾಹಕರಿಗೆ ಒಳಗೆ ಪ್ರವೇಶವಿಲ್ಲ’ ಎಂದು ತಡೆಯುವ ಕಡೆ, ಕೆಲಸವನ್ನು ಗಾಜಿನಾಚೆಯಿಂದಲಾದರೂ ನೋಡಲು ಅವಕಾಶವಿರಬೇಕು.

ಪ್ರಶ್ನೆ: ಕೊಂಡು ಎಂಟು ತಿಂಗಳಾದ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಬಂದಿದೆ. ಕೊಂಡ ಅಂಗಡಿಯವರು ‘ಕಂಪನಿ ಕ್ಲೇಮ್ ಕೊಡುವುದಿಲ್ಲ’ ಎಂದು ಕೈತೊಳೆದುಕೊಂಡರು. ಬೇರೊಂದು ಅಂಗಡಿಯವರು ‘ನಮ್ಮಲ್ಲಿ ಕೊಂಡಿದ್ದರೆ ಕೊಡಿಸುತ್ತಿದ್ದೆವು’ ಎನ್ನುತ್ತಾರೆ. ಯಾರನ್ನು ನಂಬಲಿ?
— ಹಾಸನದ ಓದುಗರೊಬ್ಬರು

ಉತ್ತರ: ಮೊದಲು ಆ ಟೈರನ್ನು ಬಿಚ್ಚಿಸಿ ಸ್ಟೆಪ್ನಿ ಹಾಕಿಕೊಳ್ಳಿ. ಉಬ್ಬು ಎಂದರೆ ಒಳಗಿನ ದಾರದ ಹೆಣಿಗೆ ಕಡಿದಿದೆ ಎಂದು ಅರ್ಥ, ವೇಗದಲ್ಲಿರುವಾಗ ಅದು ಒಡೆಯಬಹುದು. ಅದನ್ನು ರಿಪೇರಿ ಮಾಡಲು ಬರುವುದಿಲ್ಲ.

ನಿಮ್ಮ ಪ್ರಶ್ನೆಗೆ ಬಂದರೆ, ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಕ್ಲೇಮನ್ನು ತೀರ್ಮಾನಿಸುವುದು ಅಂಗಡಿಯವರಲ್ಲ, ಟೈರು ಕಂಪನಿಯ ತಪಾಸಣೆಗಾರರು. ಅಂಗಡಿಯವರ ಕೆಲಸ ಟೈರನ್ನು ಪಡೆದು, ಅರ್ಜಿ ತುಂಬಿ, ತಪಾಸಣೆಗೆ ಒಪ್ಪಿಸುವುದು. ಈ ಓಡಾಟದಲ್ಲಿ ಅವರಿಗೆ ಹುಟ್ಟುವ ಲಾಭವೇನೂ ಇಲ್ಲದ್ದರಿಂದ ಹಲವರು ಗ್ರಾಹಕರನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತಾರೆ. ಒಂದು ಅಂಗಡಿಗೂ ಇನ್ನೊಂದಕ್ಕೂ ಇರುವ ಅಂತರ ಇಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಗುಂಡಿಗೆ ಬಿದ್ದ ಹೊಡೆತದಿಂದ ಉಬ್ಬು ಬಂದಿದ್ದರೆ ಸಾಮಾನ್ಯ ವಾರಂಟಿಯಲ್ಲಿ ಅದು ಬರುವುದಿಲ್ಲ, ಏಕೆಂದರೆ ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಆದರೆ ಕೆಲವು ಕಂಪನಿಗಳು ಕೆಲವು ಮಾದರಿಗಳಿಗೆ ಇಂಥ ಹಾನಿಗೂ ಅನ್ವಯಿಸುವ ವಾರಂಟಿ ಕೊಡುತ್ತವೆ. ನಿಮ್ಮ ಟೈರಿಗೆ ಅದು ಇದೆಯೇ ಎಂಬುದು ವಾರಂಟಿ ಕಾರ್ಡಿನಲ್ಲಿರುತ್ತದೆ.

ಕ್ಲೇಮ್ ಒಪ್ಪಿದರೂ ಹೊಸ ಟೈರು ಪುಕ್ಕಟೆ ಸಿಗುತ್ತದೆ ಎಂದುಕೊಳ್ಳಬೇಡಿ, ಸವೆದಷ್ಟಕ್ಕೆ ನೀವು ಹಣ ಕೊಡಬೇಕಾಗುತ್ತದೆ. ಉದಾಹರಣೆಗೆ, ಹೊಸದರಲ್ಲಿ ಟೈರು ರಸ್ತೆಗೆ ತಾಗುವ ಮೈಯಲ್ಲಿನ ಗೆರೆಗಳ (ಟ್ರೆಡ್) ಆಳ 8 ಮಿಲಿಮೀಟರ್ ಇತ್ತೆಂದುಕೊಳ್ಳೋಣ. ಸವೆತದ ಮಿತಿ 1.6 ಮಿಲಿಮೀಟರ್ ಆದ್ದರಿಂದ ಬಳಕೆಗೆ ಸಿಗುವುದು 6.4. ಅದರಲ್ಲಿ 3.2 ಸವೆದಿದ್ದರೆ ಹೊಸ ಟೈರಿನ ಅರ್ಧ ಬೆಲೆಯನ್ನು ನೀವು ಭರಿಸುತ್ತೀರಿ. ಬಿಲ್ಲು ಹಿಡಿದು ಕೊಂಡ ಅಂಗಡಿಗೇ ಹೋಗಿ, ‘ತಪಾಸಣೆಗೆ ಕಳಿಸಿ, ಸ್ವೀಕೃತಿ ಕೊಡಿ, ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಿ’ ಎಂದು ಕೇಳಿ. ಅದಕ್ಕೂ ಒಪ್ಪದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ನೇರವಾಗಿ ಬರೆಯಿರಿ, ಅಲ್ಲಿಯೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ, ಈ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ಬಿಲ್ಲು ಇಲ್ಲದೆ ‘ಜಿಎಸ್‌ಟಿ ಉಳಿಸಿ’ ಕೊಂಡವರಿಗೆ ಇವೆಲ್ಲವೂ ಬಹಳ ಕಷ್ಟವಾಗುತ್ತದೆ ಎಂಬುದನ್ನು ಬೇರೆ ಓದುಗರೂ ಗಮನಿಸಬೇಕು.

ಪ್ರಶ್ನೆ: ಎರಡೇ ಟೈರು ಹೊಸದಾಗಿ ಕೊಂಡೆ. ಅಂಗಡಿಯವರು ಮುಂದಕ್ಕೆ ಹಾಕಿದರು. ಪಕ್ಕದ ಅಂಗಡಿಯವರು ನೋಡಿ ‘ಹಿಂದಕ್ಕೆ ಹಾಕಬೇಕಿತ್ತು ಮೇಡಂ’ ಎಂದರು. ಇದು ಪೈಪೋಟಿಯ ಮಾತೇ?
— ಮಂಗಳೂರಿನ ಓದುಗರೊಬ್ಬರು

ಉತ್ತರ: ಅಲ್ಲ, ಅವರು ಹೇಳಿದ್ದು ಸರಿ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳ ಹಿಡಿತ ತಪ್ಪಿದರೆ ಕಾರು ತಿರುಗದೆ ನೇರ ಜಾರುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹೆಚ್ಚಿನ ಸಲ ಹಿಡಿತ ಮರಳುತ್ತದೆ. ಹಿಂದಿನ ಚಕ್ರಗಳು ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ತಹಬಂದಿಗೆ ತರುವುದು ನಮ್ಮಂಥ ಸಾಮಾನ್ಯ ಚಾಲಕರ ಕೈಯಲ್ಲಿ ಆಗುವಂಥದ್ದಲ್ಲ. ಮುಂದಿನ ಚಕ್ರಗಳಿಂದ ಓಡುವ ಕಾರಿಗೂ ಇದೇ ನಿಯಮ. ಮುಂದಿನವು ಬೇಗ ಸವೆಯುವುದರಿಂದ ಅಲ್ಲಿಯವನ್ನೇ ಬಿಚ್ಚಿ ಅಲ್ಲೇ ಹೊಸದನ್ನು ಹಾಕುವುದು ಅಂಗಡಿಗೆ ಸುಲಭ, ಹಿಂದಿನವನ್ನು ಮುಂದಕ್ಕೆ ತರಲು ಇನ್ನೆರಡು ಚಕ್ರ ಬಿಚ್ಚಬೇಕು. ನಿಮ್ಮ ಊರಿನ ಮಳೆಗಾಲ ಬರುವ ಮೊದಲೇ ಅದಲುಬದಲು ಮಾಡಿಸಿ. ಮಾರಿದ ಅಂಗಡಿಯವರನ್ನೇ ಕೇಳಿ, ಹಣ ಪಡೆಯದೆ ಮಾಡಿಕೊಡಬೇಕಾದ ಕೆಲಸವದು.

ಪ್ರಶ್ನೆ: ಟೈರಿಗೆ ನೈಟ್ರೋಜನ್ ತುಂಬಿಸಲೇಬೇಕು ಎಂದು ಅಂಗಡಿಯವರು ಒತ್ತಾಯಿಸುತ್ತಾರೆ. ಅಗತ್ಯವೇ?
— ತುಮಕೂರಿನ ಓದುಗರೊಬ್ಬರು

ಉತ್ತರ: ಅಗತ್ಯವಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್‌ನಿಂದ ಒತ್ತಡ ಸ್ವಲ್ಪ ನಿಧಾನವಾಗಿ ಇಳಿಯಬಹುದು, ಹಾನಿಯೇನಿಲ್ಲ. ಆದರೆ ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿರುವ ಪಟ್ಟಿಯಲ್ಲಿರುವ ಒತ್ತಡವನ್ನು ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡಿಸಿದರೆ ಸಾಮಾನ್ಯ ಗಾಳಿಯೇ ಸಾಕು.