ಕಳೆದದ್ದು ಸಿಕ್ಕೀತೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಐದು ಪತ್ರಗಳಿಗೆ ಈ ಸಲ ಉತ್ತರ. ನಾಲ್ಕು ಕಳೆದುಕೊಂಡವರ ಪತ್ರ, ಒಂದು ಸಿಕ್ಕವರದು.

ಪ್ರಶ್ನೆ: ತೀರಿಹೋದ ನಮ್ಮವ್ವ ಕೊಟ್ಟ ಬೆಂಡೋಲೆಯಲ್ಲಿ ಒಂದು ಕಳೆದಿದೆ. ಆ ದಿನ ಬೆಳಿಗ್ಗೆ ಕಸ ಹೊಡೆದು, ಸ್ನಾನ ಮಾಡಿ, ಹಿತ್ತಲಲ್ಲಿ ಬಟ್ಟೆ ಒಗೆದು, ಮಧ್ಯಾಹ್ನ ಗದ್ದೆಗೆ ಬುತ್ತಿ ಒಯ್ದಿದ್ದೆ. ಸಂಜೆ ಕಿವಿ ಮುಟ್ಟಿ ನೋಡಿಕೊಂಡರೆ ಇಲ್ಲ. ಕಾರ್ತವೀರ್ಯಾರ್ಜುನನ ಶ್ಲೋಕ ದಿನಾ ನೂರೆಂಟು ಸಲ ಹೇಳುತ್ತಿದ್ದೇನೆ. ನನ್ನ ಭಕ್ತಿಯಲ್ಲೇ ಕೊರತೆ ಇದೆಯೇ? (ಗೃಹಿಣಿ, ಗಂಗಾವತಿ)

ಉತ್ತರ: ಇಲ್ಲ ತಾಯಿ. ಅವ್ವನ ಒಡವೆಗಾಗಿ ದಿನಾ ಕುಳಿತು ಜಪ ಮಾಡುವವರ ಭಕ್ತಿಯನ್ನು ತೂಗಿ ನೋಡುವ ಕೆಲಸ ನಮ್ಮದಲ್ಲ. ಆದರೆ ಜಪ ಮುಗಿಸಿ ಎದ್ದ ಮೇಲೆ ಎಲ್ಲೆಲ್ಲಿ ಹುಡುಕಿದಿರಿ ಎಂಬುದನ್ನು ನೀವು ಬರೆದಿಲ್ಲ.

ಕಾರ್ತವೀರ್ಯನನ್ನು ನೆನೆದರೆ ಹೋದದ್ದು, ಕಳೆದದ್ದು ಸಿಗುತ್ತದೆ ಎಂಬ ನಂಬಿಕೆಗೆ ಪುರಾಣದಲ್ಲಿ ಬೇರಿದೆ. ಅವನ ರಾಜ್ಯದಲ್ಲಿ ಯಾರ ವಸ್ತುವೂ ಕಳೆದುಹೋಗುತ್ತಿರಲಿಲ್ಲ ಎಂದು ವಿಷ್ಣುಪುರಾಣ ಹೇಳುತ್ತದೆ. ಸಾವಿರ ತೋಳಿನ ಆ ರಾಜ ಕಾವಲು ಕಾಯುವುದರಲ್ಲಿ ಅಷ್ಟು ಎಚ್ಚರದವನು. ಅವನ ಹೆಸರು ಹೇಳುವಾಗ ಆ ಎಚ್ಚರವನ್ನೂ ಕೇಳಿಕೊಳ್ಳಬೇಕು. ನಮ್ಮ ಸಲಹೆ ಇಷ್ಟು: ಶ್ಲೋಕ ಹನ್ನೊಂದು ಸಲ ಸಾಕು, ಉಸಿರು ಸಮವಾಗುವವರೆಗೆ. ಆಮೇಲೆ ಎದ್ದು ಹುಡುಕಿ.

ಹೇಗೆ ಹುಡುಕಬೇಕು ಎನ್ನುವುದಕ್ಕೆ ನಿಮ್ಮ ಊರಿನ ಪಕ್ಕದ ಅಂಜನಾದ್ರಿಯವನೇ ಗುರು. ಸುಂದರಕಾಂಡದಲ್ಲಿ ಹನುಮಂತ ಮಂಡೋದರಿಯನ್ನು ಕಂಡು ಸೀತೆಯೇ ಸಿಕ್ಕಳೆಂದು ಕುಣಿದಾಡುತ್ತಾನೆ. ಮರುಗಳಿಗೆಯೇ ಯೋಚಿಸಿ, ಇವಳಲ್ಲ ಎಂದು ಮುಂದೆ ಹೋಗುತ್ತಾನೆ. ಮನಸ್ಸು ಕುಗ್ಗಿದಾಗ, ಎದೆಗುಂದದಿರುವುದೇ ಸಿರಿಯ ಮೂಲ ಎಂದು ತನಗೆ ತಾನೇ ಹೇಳಿಕೊಂಡು ರಾವಣನ ಅಂತಃಪುರದಲ್ಲಿ ನಾಲ್ಕು ಬೆರಳಗಲ ಜಾಗವನ್ನೂ ಬಿಡದೆ ಮತ್ತೆ ಹುಡುಕುತ್ತಾನೆ. ಅಲ್ಲೂ ಇಲ್ಲ. ಬರಿಗೈಯಲ್ಲಿ ಹೋದರೆ ರಾಮ ಉಳಿಯುವುದಿಲ್ಲ, ಲಕ್ಷ್ಮಣ ಉಳಿಯುವುದಿಲ್ಲ ಎಂದು ಸಾವಿನವರೆಗೂ ಯೋಚಿಸುತ್ತಾನೆ. ಅಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ಅಶೋಕವನ: ‘ಇದೊಂದನ್ನು ನಾನಿನ್ನೂ ನೋಡಿಲ್ಲ’. ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಅವನಿಗೂ ಇರಲಿಲ್ಲ. ನೋಡದ ಜಾಗ ಒಂದು ಉಳಿದಿದೆ ಎಂಬುದಷ್ಟೇ ಅವನನ್ನು ಎಬ್ಬಿಸಿತು.

ಹಾಗಾಗಿ ಒಂದು ಹಾಳೆಯಲ್ಲಿ ಆ ದಿನದ ನಿಮ್ಮ ಓಡಾಟವನ್ನು ಕೊನೆಯಿಂದ ಹಿಂದಕ್ಕೆ ಬರೆಯಿರಿ: ಗದ್ದೆ, ಬದು, ಅಡುಗೆಮನೆ, ಹಿತ್ತಲು, ಬಚ್ಚಲು, ಹಾಸಿಗೆ. ಕಿವಿಯಲ್ಲಿ ಓಲೆ ಇದ್ದದ್ದು ಖಚಿತವಾಗಿ ನೆನಪಿರುವ ಕೊನೆಯ ಗಳಿಗೆ ಯಾವುದೋ ಅಲ್ಲಿಗೆ ನಿಲ್ಲಿಸಿ. ಅಲ್ಲಿಂದೀಚೆಯ ಜಾಗಗಳಷ್ಟೇ ನಿಮ್ಮ ಪಟ್ಟಿ.

ಮನೆಯೊಳಗೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಅಡ್ಡ ಇಟ್ಟು ನೋಡಿ. ಮೇಲಿನಿಂದ ಬಿದ್ದ ಬೆಳಕಿಗೆ ಕಾಣದ್ದು ಅಡ್ಡ ಬೆಳಕಿಗೆ ಮಿಂಚುತ್ತದೆ, ಇಲ್ಲವೇ ಉದ್ದ ನೆರಳು ಬಿಡುತ್ತದೆ. ಕೌದಿಯ ಹೊಲಿಗೆ ಸಂದು, ಕುಪ್ಪಸದ ಮಡಿಕೆ, ಒಗೆದ ಸೀರೆಯ ಸೆರಗಿನ ದಾರ, ಟವೆಲ್ಲು ಇವುಗಳಲ್ಲಿ ಓಲೆ ಸಿಕ್ಕಿಕೊಳ್ಳುವುದು ಹೆಚ್ಚು. ತಲೆಯಿಂದ ಬಟ್ಟೆ ತೆಗೆಯುವಾಗಲೇ ತಿರುಪು ಸಡಿಲವಾಗಿ ಕಳಚುತ್ತದೆ. ತಿರುಪು ಸಿಕ್ಕಿತೋ, ಓಲೆಯೂ ಅದರ ಆಸುಪಾಸಿನಲ್ಲೇ ಬಿದ್ದಿರಬಹುದು.

ಬಚ್ಚಲಲ್ಲಿ ಬಿದ್ದಿದ್ದರೆ ಮೊದಲು ನೀರು ಬಿಡುವುದನ್ನು ನಿಲ್ಲಿಸಿ. ಜಾಲಿ ತೆಗೆದರೆ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ, ಅದರಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಆದ್ದರಿಂದ ಎಂಟು ದಿನ ಕಳೆದರೂ ತಳದ ಕೊಚ್ಚೆಯಲ್ಲೇ ಉಳಿದಿರಬಹುದು. ಕೈಗವಸು ಹಾಕಿ ಚಮಚದಿಂದ ಕೊಚ್ಚೆಯನ್ನು ಬಿಳಿ ತಟ್ಟೆಗೆ ತೆಗೆಯಿರಿ. ಇಲ್ಲಿ ಜನ ಕೆಡಿಸಿಕೊಳ್ಳುವುದು ಎರಡು ರೀತಿ. ಒಂದು, ಬಕೆಟ್‌ಗಟ್ಟಲೆ ನೀರು ರಭಸವಾಗಿ ಸುರಿದು ವಸ್ತುವನ್ನು ಪೈಪಿಗೆ ದಾಟಿಸುವುದು. ಇನ್ನೊಂದು, ಕಟ್ಟಿಕೊಂಡಿದೆ ಎಂದು ಆಸಿಡ್ ಹಾಕುವುದು. ಓಲೆಯಲ್ಲಿ ಮುತ್ತಿದ್ದರೆ ಆಸಿಡ್‌ಗೆ ಕರಗಿಹೋಗುತ್ತದೆ.

ಕಸ ತಿಪ್ಪೆಗೆ ಹೋಗಿದ್ದರೆ ಆ ವಾರದ ಮೇಲಿನ ಪದರವನ್ನಷ್ಟೇ ಗೋಣಿಚೀಲದ ಮೇಲೆ ಎಳೆದು, ಒಣಗಿಸಿ, ಕಾಲು ಇಂಚಿನ ಕಣ್ಣಿನ ಜರಡಿಯಲ್ಲಿ ಆಡಿಸಿ. ಗದ್ದೆಯ ಕೆಸರಾದರೆ ನೀವು ಕುಳಿತ ಜಾಗ, ಕೈ ತೊಳೆದ ಕಾಲುವೆ ಅಂಚು ಗುರುತಿಸಿ ಒಂದು ಗೇಣು ಆಳದ ಮಣ್ಣನ್ನು ಬೋಗುಣಿಗೆ ಹಾಕಿ, ನೀರು ತುಂಬಿ ಗರಗರ ತಿರುಗಿಸಿ, ಕದಡಿದ ನೀರನ್ನು ಮೆಲ್ಲಗೆ ಚೆಲ್ಲುತ್ತ ಬನ್ನಿ. ಮಣ್ಣು ಮರಳು ಹೋಗುತ್ತವೆ, ಭಾರದ್ದು ಅಡಿಯಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲದಲ್ಲಿ ಕಳೆದುಕೊಂಡವರಿಗೆ ಕಷ್ಟ ಬೇರೆ: ಮೊಣಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಮಳೆ ಬಿದ್ದು ಬಿರುಕು ಮುಚ್ಚುವ ಮುಂಚೆ ನೋಡಬೇಕು.

ಪಟ್ಟಿ ಪೂರ್ತಿ ಮುಗಿದರೂ ಸಿಗದಿದ್ದರೆ? ಉಳಿದ ಒಂದು ಓಲೆಯನ್ನು ಕರಗಿಸಲು ಅವಸರ ಮಾಡಬೇಡಿ. ಅವ್ವನ ನೆನಪಿಗೆ ಒಂದಿದ್ದರೂ ಸಾಕು, ಪದಕ ಮಾಡಿಸಿಕೊಂಡರೂ ಅದು ಅವ್ವನದೇ.

ಪ್ರಶ್ನೆ: ಹೊಸಪೇಟೆ ಬಸ್ಸಿನಲ್ಲಿ ನನ್ನ ಬ್ಯಾಗ್ ಹೋಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮೊಬೈಲ್ ಎರಡೂ ಅದರಲ್ಲಿದ್ದವು. ಅಮ್ಮ ಸಂತ ಅಂತೋನಿಯವರಿಗೆ ಮೇಣದಬತ್ತಿ ಹಚ್ಚು ಎನ್ನುತ್ತಾರೆ. ಇಂಥ ಸಣ್ಣ ವಿಷಯಕ್ಕೆ ಸಂತರನ್ನು ಕಾಡಬಹುದೇ? (ವಿದ್ಯಾರ್ಥಿ, ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಧಾರಾಳವಾಗಿ ಕೇಳು ತಮ್ಮ. 1231ರ ಜೂನ್ 13ರಂದು ತೀರಿಕೊಂಡ ಅಂತೋನಿಯವರನ್ನು ಕಳೆದ ವಸ್ತುಗಳಿಗಾಗಿ ನೆನೆಯುವುದಕ್ಕೆ ಕಾರಣವೇ ಒಂದು ಪುಸ್ತಕ. ಅವರು ಕೈಯಾರೆ ಟಿಪ್ಪಣಿ ಬರೆದುಕೊಂಡಿದ್ದ ಬೈಬಲ್ಲಿನ ಕೀರ್ತನೆಗಳ ಪ್ರತಿಯನ್ನು ಮಠ ಬಿಟ್ಟು ಓಡಿದ ಕಿರಿಯನೊಬ್ಬ ಒಯ್ದಿದ್ದ. ಅವರು ಪ್ರಾರ್ಥಿಸಿದರು. ಪುಸ್ತಕವೂ ಬಂತು, ಹುಡುಗನೂ ಮಠಕ್ಕೆ ಮರಳಿದ ಎಂದು ಭಕ್ತರು ಹೇಳುತ್ತಾರೆ. ನಿಮ್ಮ ಊರಿನ ಪ್ರಧಾನಾಲಯವೇ (ಧರ್ಮಾಧ್ಯಕ್ಷರ ಚರ್ಚ್) ಅವರ ಹೆಸರಿನದು. ಸಣ್ಣದು ದೊಡ್ಡದು ಎಂಬ ಸಂಕೋಚವಿದ್ದರೆ ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆರೆದು ನೋಡು. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ಸಿಕ್ಕಾಗ ನೆರೆಯವರನ್ನೆಲ್ಲ ಕರೆದು ಸಂತೋಷಪಡುತ್ತಾಳೆ.

ಮೇಣದಬತ್ತಿ ಹಚ್ಚಿ ನೇರ ಬಸ್ ನಿಲ್ದಾಣದ ನಿಯಂತ್ರಕರ ಕೊಠಡಿಗೆ ಹೋಗು. ಟಿಕೆಟ್ ಇದ್ದರೆ ತೋರಿಸು, ಯಾವ ಗಾಡಿ, ಎಷ್ಟು ಹೊತ್ತಿನದು, ಯಾವ ಡಿಪೋದ್ದು ಎಂದು ಅದರಿಂದ ತಿಳಿಯುತ್ತದೆ. ಡಿಪೋದಲ್ಲಿ ವಿಚಾರಿಸುವಾಗ ಬ್ಯಾಗಿನ ಬಣ್ಣ ಮಾತ್ರ ಹೇಳಿದರೆ ಸಾಲದು, ಒಳಗಿನ ಒಂದೆರಡು ಗುರುತೂ ಹೇಳು. ಸಿಗದಿದ್ದರೆ ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ದೂರು ದಾಖಲಿಸಿ ಸ್ವೀಕೃತಿ ಇಳಿಸಿಕೊ. ಯಾರೋ ಕದ್ದದ್ದು ಎಂಬ ಅನುಮಾನವಿದ್ದರೆ ಅದು ಸಾಲದು, ಠಾಣೆಗೇ ಹೋಗಬೇಕು. ಮೊಬೈಲ್‌ಗೆ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಂಡು, ಪೆಟ್ಟಿಗೆ ಅಥವಾ ಬಿಲ್ಲಿನ ಮೇಲಿರುವ 15 ಅಂಕಿಯ ಐಎಂಇಐ ಸಂಖ್ಯೆ ಮತ್ತು ದೂರಿನ ಪ್ರತಿ ಕೊಟ್ಟು ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸು. ಸಿಮ್ ಮೊದಲು ಯಾಕೆಂದರೆ ಒಟಿಪಿ ಬರಬೇಕಲ್ಲ. ಅಂಕಪಟ್ಟಿಯ ನಕಲಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಬೇಕು. ಈಚಿನ ವರ್ಷಗಳದ್ದಾದರೆ ಡಿಜಿಲಾಕರ್‌ನಲ್ಲೂ ನೋಡು.

ಪ್ರಶ್ನೆ: ನಮ್ಮ ಅತ್ತೆಯವರ ಇಷ್ಟಲಿಂಗ ಎಲ್ಲೋ ಬಿದ್ದುಹೋಗಿದೆ. ಲಿಂಗ ಹೋದ ಮೇಲೆ ಬದುಕಬಾರದು ಎಂದು ನಿನ್ನೆಯಿಂದ ಊಟ ಬಿಟ್ಟಿದ್ದಾರೆ. ಅವರಿಗೆ ಎಪ್ಪತ್ತು ವರ್ಷ, ಸಕ್ಕರೆ ಕಾಯಿಲೆ ಇದೆ. ಏನು ಹೇಳಿ ಸಮಾಧಾನ ಮಾಡಲಿ? (ಸೊಸೆ, ಲಿಂಗಸುಗೂರು)

ಉತ್ತರ: ಪತ್ರ ತಲುಪಿದ ದಿನವೇ ಫೋನಿನಲ್ಲಿ ಮಾತಾಡಿದ್ದೇವೆ. ಇಂಥ ಸಂಕಟ ಬೇರೆ ಮನೆಗಳಲ್ಲೂ ಇರುತ್ತದೆ, ಅದಕ್ಕೆ ಇಲ್ಲಿಯೂ ಬರೆಯುತ್ತಿದ್ದೇವೆ.

ಮೊದಲು ದೇಹದ ಮಾತು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತೊದಲು ಮಾತು, ಗಲಿಬಿಲಿ ಕಂಡರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ವೈದ್ಯರನ್ನು ಇಂದೇ ಕೇಳಿ.

ಇನ್ನು ಅವರ ಮಾತು. ಲಿಂಗ ಹೋದರೆ ಪ್ರಾಣವೂ ಹೋಗಬೇಕೆಂಬ ಕಠಿಣ ನಿಷ್ಠೆ ಹಿಂದೆ ಇದ್ದದ್ದು ನಿಜ, ಅದನ್ನು ಹಗುರವಾಗಿ ಕಾಣಬೇಡಿ. ಆದರೆ ಬಸವಣ್ಣನ ಕಾಲದ ಶರಣ ನುಲಿಯ ಚಂದಯ್ಯನ ಪ್ರಸಂಗ ಅವರಿಗೂ ಗೊತ್ತಿರಬಹುದು, ಪಕ್ಕದಲ್ಲಿ ಕುಳಿತು ನೆನಪಿಸಿ. ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ಬಿತ್ತು. ಅವನು ತಿರುಗಿ ನೋಡದೆ ಹಗ್ಗ ಹೊಸೆಯುವ ಕಾಯಕಕ್ಕೆ ನಡೆದ. ಲಿಂಗವೇ ಅವನ ಬೆನ್ನು ಹತ್ತಿ ಬಂತು, ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ. ಶರಣರ ಪರಂಪರೆಯಲ್ಲಿ ಲಿಂಗ ಬಿದ್ದ ಭಕ್ತ ಸತ್ತ ಕಥೆಯ ಜೊತೆ ಲಿಂಗವೇ ಭಕ್ತನನ್ನು ಹುಡುಕಿಕೊಂಡು ಬಂದ ಕಥೆಯೂ ಇದೆ. ನಿಮ್ಮ ಅತ್ತೆಯವರಿಗೆ ಈಗ ಬೇಕಾದದ್ದು ಎರಡನೆಯದು.

ದೀಕ್ಷೆ ಕೊಟ್ಟ ಗುರುಗಳನ್ನು, ಅವರಿಲ್ಲದಿದ್ದರೆ ಅದೇ ಮಠದ ಈಗಿನವರನ್ನು ಕಾಣಿ. ನಡೆಯಲು ಆಗದಿದ್ದರೆ ಮನೆಗೆ ಬಿನ್ನಹ ಮಾಡಿಕೊಳ್ಳಿ. ಹೊಸ ಲಿಂಗವನ್ನು ಅಂಗಡಿಯಿಂದ ತಂದು ನೀವೇ ಕಟ್ಟಿದರೆ ಅವರ ಮನಸ್ಸು ಒಪ್ಪುವುದಿಲ್ಲ, ಅದು ಗುರುವಿನ ಕೈಯಿಂದಲೇ ಬರಬೇಕು. ಆಮೇಲೆ ಹಳೆಯದು ಸಿಕ್ಕರೆ ಗುರುಗಳಿಗೆ ಒಪ್ಪಿಸಿ ಅವರು ಹೇಳಿದಂತೆ ಮಾಡಿ. ಮುಂದೆ ಬೀಳದಂತೆ ಶಿವದಾರವನ್ನು ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ. ದಾರ ಸವೆಯುವುದು ಗಂಟಿನ ಹತ್ತಿರವಲ್ಲ, ಲಿಂಗವಿಡುವ ಕರಡಿಗೆಯ ಕೊಂಡಿ ತಿಕ್ಕುವ ಜಾಗದಲ್ಲಿ. ಅಲ್ಲಿ ಎಳೆ ಬಿಚ್ಚಿಕೊಂಡು ಜುಬುರು ಎದ್ದಿದ್ದರೆ ಅಂದೇ ಬದಲಿಸಿ.

ಪ್ರಶ್ನೆ: ಹುಣ್ಣಿಮೆಯಂದು ಹುಲಿಗೆಮ್ಮನ ದರ್ಶನಕ್ಕೆ ಹೋದಾಗ ಹೊಳೆ ದಂಡೆಯಲ್ಲಿ ಚಿನ್ನದ ಉಂಗುರ ಸಿಕ್ಕಿತು. ಹುಂಡಿಗೆ ಹಾಕಿಬಿಡಲೇ? (ಓದುಗ, ಕುಷ್ಟಗಿ)

ಉತ್ತರ: ಬೇಡ. ನಿಮ್ಮದಲ್ಲದ್ದನ್ನು ದೇವರಿಗೆ ಕೊಡಲು ಬರುವುದಿಲ್ಲ. ಆ ಉಂಗುರಕ್ಕಾಗಿ ಯಾರೋ ಅಮ್ಮನಿಗೇ ಹರಕೆ ಹೊತ್ತಿರಬಹುದು, ಹುಂಡಿಗೆ ಬಿದ್ದರೆ ಅದು ಅವರ ಕೈ ಸೇರುವ ದಾರಿ ಮುಚ್ಚಿತು. ದೇವಸ್ಥಾನದ ಕಚೇರಿ ಅಥವಾ ಪೊಲೀಸ್ ಠಾಣೆಗೆ ಒಪ್ಪಿಸಿ, ತೂಕ, ದಿನಾಂಕ, ಸಿಕ್ಕ ಜಾಗ ಬರೆದ ರಸೀದಿ ಪಡೆಯಿರಿ. ಒಡೆಯರನ್ನು ಹುಡುಕುವ ಪ್ರಯತ್ನ ಮಾಡದೆ ಸಿಕ್ಕ ಉಂಗುರವನ್ನು ಮಾರಿಕೊಂಡವನು ಕಾನೂನಿನಲ್ಲೂ ತಪ್ಪಿತಸ್ಥ.

ವಾಟ್ಸ್ಆ್ಯಪ್‌ನಲ್ಲಿ ಉಂಗುರದ ಫೋಟೊ ಹಾಕುವುದು ದೊಡ್ಡ ತಪ್ಪು, ನನ್ನದು ಎನ್ನುವವರು ಹತ್ತು ಜನ ಬರುತ್ತಾರೆ. ‘ಹುಲಿಗಿಯಲ್ಲಿ ಒಡವೆ ಸಿಕ್ಕಿದೆ, ಗುರುತು ಹೇಳಿ’ ಎಂದಷ್ಟೇ ಹಾಕಿ. ಹರಳೋ, ಒಳಗೆ ಕೊರೆದ ಅಕ್ಷರವೋ, ಗುರುತು ನಿಮ್ಮಲ್ಲೇ ಇರಲಿ. ಇಸ್ಲಾಮಿನಲ್ಲಿ ಈ ಕ್ರಮ ಸ್ಪಷ್ಟವಾಗಿದೆ: ಸಿಕ್ಕ ಚೀಲ ಮತ್ತು ಅದನ್ನು ಕಟ್ಟಿದ ದಾರದ ಗುರುತು ಮನಸ್ಸಿನಲ್ಲಿಟ್ಟುಕೊಂಡು ಒಂದು ವರ್ಷ ಸಾರಬೇಕು ಎಂದು ಪ್ರವಾದಿಯವರು ಹೇಳಿದ್ದಾರೆ. ಯಾವ ಧರ್ಮದವರಿಗೂ ಒಪ್ಪುವ ನಡೆ ಇದು.

ಪ್ರಶ್ನೆ: ನನ್ನ ತಮ್ಮ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷ. ಕರ್ಮ ಮಾಡಿ ಮುಗಿಸಿ ಎಂದು ಹಿರಿಯರು ಹೇಳುತ್ತಾರೆ. ಅವ್ವ ಒಪ್ಪುತ್ತಿಲ್ಲ. ಯಾರ ಮಾತು ಕೇಳಲಿ? (ಅಣ್ಣ, ಮಾನ್ವಿ)

ಉತ್ತರ: ಅವ್ವನ ಮಾತು ಕೇಳಿ. ಸುಳಿವಿಲ್ಲದೆ ಹೋದವರಿಗೆ ಹನ್ನೆರಡು ವರ್ಷ ಕಾಯುವ ಪದ್ಧತಿ ನಮ್ಮಲ್ಲಿದೆ, ಅವಸರವೇನೂ ಇಲ್ಲ. ಇನ್ನೊಂದು ವಿಷಯ ಹಿರಿಯರಿಗೆ ತಿಳಿಸಿ. ಸತ್ತನೆಂದು ಕರ್ಮ ಮಾಡಿದ ಮೇಲೆ ಆ ವ್ಯಕ್ತಿ ತಿರುಗಿ ಬಂದರೆ, ಆಗಷ್ಟೇ ಹುಟ್ಟಿದ ಕೂಸಿಗೆ ಮಾಡುವಂತೆ ಜಾತಕರ್ಮದಿಂದ ಆರಂಭಿಸಿ ಸಂಸ್ಕಾರ ಮಾಡಿ ಮನೆಗೆ ಸೇರಿಸಿಕೊಳ್ಳುವ ವಿಧಿಯನ್ನು ಧರ್ಮಶಾಸ್ತ್ರಕಾರರು ಬರೆದಿಟ್ಟಿದ್ದಾರೆ. ಅಂದರೆ ಬಂದಾನು ಎಂಬ ಎಣಿಕೆ ಅವರಿಗೂ ಇತ್ತು. ಹಾಗಾಗಿ ಅವ್ವ ಕಾಯುವುದು ಹುಚ್ಚಲ್ಲ.

ಆಸ್ತಿ, ಬ್ಯಾಂಕಿನ ವ್ಯವಹಾರ ನಿಂತಿದ್ದರೆ ಅದು ಬೇರೆ ದಾರಿ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಕೋರ್ಟಿನಲ್ಲಿ ಘೋಷಣೆ ಕೇಳಬಹುದು. ಅದಕ್ಕೆ ನಾಪತ್ತೆ ದೂರಿನ ಪ್ರತಿ ಬೇಕು. ಕಾಗದಕ್ಕಾಗಿ ಕೋರ್ಟಿಗೆ ಹೋದರೆ ಅವ್ವನ ಆಸೆ ಬಿಟ್ಟಂತಲ್ಲ ಎಂದು ಮನೆಯಲ್ಲಿ ಕುಳಿತು ಹೇಳಿ.

ಹುಡುಕಾಟವನ್ನು ಮತ್ತೆ ಎಬ್ಬಿಸಿ. ಠಾಣೆಯಲ್ಲಿ ಕಡತ ತೆರೆದಿದೆಯೇ, ಮುಕ್ತಾಯ ಮಾಡಿದ್ದಾರೆಯೇ ಕೇಳಿ. ಹಳೆಯ ಫೋಟೊ ಜೊತೆ ಮಚ್ಚೆ, ಗಾಯದ ಗುರುತು, ಹಚ್ಚೆ ಬರೆದುಕೊಡಿ, ಒಂಬತ್ತು ವರ್ಷದಲ್ಲಿ ಮುಖ ಬದಲಾದರೂ ಇವು ಬದಲಾಗುವುದಿಲ್ಲ. ನಿರಾಶ್ರಿತರ ಪರಿಹಾರ ಕೇಂದ್ರಗಳು, ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಫೋಟೊ ಕಳಿಸಿ ವಿಚಾರಿಸಿ. ಆಶ್ರಯ ಕೇಂದ್ರದಲ್ಲಿ ಹೊಸ ಆಧಾರ್‌ಗೆಂದು ಬೆರಳಚ್ಚು ಕೊಟ್ಟಾಗ ಹಳೆಯದು ಪತ್ತೆಯಾಗಿ ಮನೆ ಸೇರಿದವರಿದ್ದಾರೆ. ತಮ್ಮನ ಆಧಾರ್‌ಗೆ ಜೋಡಿಸಿದ್ದು ನಿಮ್ಮ ಮನೆಯ ನಂಬರ್ ಆಗಿದ್ದರೆ ಯಾವ ಕಾರಣಕ್ಕೂ ಆ ಸಿಮ್ ಬಂದ್ ಆಗಲು ಬಿಡಬೇಡಿ, ರೀಚಾರ್ಜ್ ಮಾಡಿಸುತ್ತಿರಿ. ಊರು ಬದಲಿಸುವುದಾದರೆ ಹೊಸ ವಿಳಾಸವನ್ನು ಠಾಣೆಗೂ ಪಕ್ಕದ ಮನೆಯವರಿಗೂ ಬರೆದುಕೊಟ್ಟು ಹೋಗಿ.