ನಡೆದರೂ ಇಳಿಯದ ತೂಕ: ಒಬ್ಬ ಶಿಕ್ಷಕಿಯ ಆಪ್ತಸಲಹೆ ಪ್ರಕರಣ

ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿರುವ, ನಲವತ್ತು ದಾಟಿದ ಮಹಿಳೆಯೊಬ್ಬರು ನನ್ನ ಬಳಿ ಬಂದದ್ದು ತೂಕದ ವಿಚಾರಕ್ಕಲ್ಲ. ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ, ಸಣ್ಣಪುಟ್ಟ ಕಾರಣಕ್ಕೂ ಮಕ್ಕಳ ಮೇಲೆ ಸಿಡುಕುತ್ತೇನೆ, ಊಟ ಮಾಡಿ ಎದ್ದ ಮೇಲೆ ನನ್ನ ಮೇಲೆ ನನಗೇ ಬೇಸರವಾಗುತ್ತದೆ ಎಂಬುದು ಅವರ ಅಳಲಾಗಿತ್ತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಮನೆಯ ಮತ್ತು ಊರಿನ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮಾತು ಮುಂದುವರಿದಂತೆ ಸಿಡುಕಿನ ಬೇರು ಎಲ್ಲಿದೆ ಎಂಬುದು ತಿಳಿಯಿತು. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಅವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.1 ಬಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು. ಎತ್ತರ 154 ಸೆಂಟಿಮೀಟರ್, ತೂಕ 74 ಕಿಲೋ. ಹಾಗಾಗಿ ಅವರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ, ಸುಮಾರು 31. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕವೆಂದೂ 25 ಮುಟ್ಟಿದರೆ ಬೊಜ್ಜು ಎಂದೂ ವೈದ್ಯರು ಪರಿಗಣಿಸುತ್ತಾರೆ. ವೈದ್ಯರು ತೂಕ ಇಳಿಸಲು ಹೇಳಿದ ಮರುದಿನದಿಂದಲೇ ಇವರು ನಸುಕಿನಲ್ಲಿ ಎದ್ದು ಕಾಲೇಜು ಮೈದಾನದಲ್ಲಿ ಮುಕ್ಕಾಲು ಗಂಟೆ ನಡೆಯತೊಡಗಿದ್ದರು.

"ಎಂಟು ತಿಂಗಳಾತ್ರಿ ಮೇಡಂ, ಮಳಿ ಬಂದ್ರೂ ವಾಕಿಂಗ್ ತಪ್ಪಿಸಿಲ್ಲ. ರಾತ್ರಿ ಅನ್ನ ಬಿಟ್ಟೀನಿ. ಆದ್ರೂ ಒಂದ ಕಿಲೋನೂ ಇಳೀವಲ್ದು. ನನ್ನ ಮೈನ ಹಿಂಗ ಅಂತ ಕಾಣ್ತದ. ನಾಳಿಂದ ಮೈದಾನಕ್ಕ ಹೋಗೂದ ಬಿಡ್ತೀನಿ" ಎಂದು ಅವರು ಹೇಳಿದಾಗ ಕಣ್ಣು ತುಂಬಿ ಬಂದಿತ್ತು.

ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಆತಂಕದ್ದಾಗಿ ಕಂಡಿತು. ತೂಕ ಇಳಿಯದಿರುವುದಕ್ಕಿಂತ, ಇಳಿಯಲಿಲ್ಲವೆಂದು ನಡಿಗೆಯನ್ನೇ ಕೈಬಿಡುವುದು ದೊಡ್ಡ ನಷ್ಟ. ನಡಿಗೆ ಮಾಡಲಾರದ ಕೆಲಸವನ್ನು ಅದರ ತಲೆಗೆ ಕಟ್ಟಿ, ಅದು ಮಾಡುತ್ತಿರುವ ಕೆಲಸವನ್ನು ಗಮನಿಸದೆ ಬಿಟ್ಟುಬಿಡುವವರನ್ನು ನಾನು ಹೆಚ್ಚಾಗಿ ಕಾಣುತ್ತೇನೆ. ಮೊದಲಿಗೆ ಥೈರಾಯ್ಡ್ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ, ಎರಡೂ ಸರಿಯಾಗಿದ್ದವು. ನಂತರ, ಮುಂದಿನ ಭೇಟಿಯವರೆಗೆ ತಿಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಕೇಳಿಕೊಂಡೆ. ಕ್ಯಾಲೊರಿ ಬೇಡ, ಅಳತೆಯೂ ಬೇಡ. ಎಷ್ಟು ಗಂಟೆಗೆ, ಏನು, ಆಗ ನಿಜಕ್ಕೂ ಹಸಿವಿತ್ತೇ, ಮನಸ್ಸು ಹೇಗಿತ್ತು ಎಂಬ ನಾಲ್ಕು ಕಾಲಂ ಸಾಕು ಎಂದೆ. ಬದಲಾವಣೆಯನ್ನೂ ಆಗಲೇ ಮಾಡಬಾರದು ಎಂದು ಒತ್ತಿ ಹೇಳಿದೆ, ಏಕೆಂದರೆ ಪರೀಕ್ಷೆಗೆ ಕುಳಿತವರಂತೆ ಬರೆದ ಪುಸ್ತಕದಿಂದ ಯಾರಿಗೂ ಪ್ರಯೋಜನವಿಲ್ಲ.

ಅವರು ತಂದ ಪುಸ್ತಕ ಪ್ರಾಮಾಣಿಕವಾಗಿತ್ತು. ಬೆಳಿಗ್ಗೆ ನಡೆದು ಬಂದು ಚಹಾ. ಅಡಿಗೆ, ಮಕ್ಕಳ ಡಬ್ಬಿ, ಅತ್ತೆಯ ಗುಳಿಗೆ ಎಂದು ಓಡಾಡುವುದರಲ್ಲಿ ತಿಂಡಿಯ ಜಾಗದಲ್ಲಿ ಒಂದು ಹಿಡಿ ಒಗ್ಗರಣೆ ಮಂಡಾಳು (ಮಂಡಕ್ಕಿ). ಮಧ್ಯಾಹ್ನ, ಡಯೆಟ್ ಎಂಬ ಕಾರಣಕ್ಕೆ, ಒಂದು ರೊಟ್ಟಿ ಮತ್ತು ಸ್ವಲ್ಪ ಪಲ್ಯ. ಸಂಜೆ ಐದರ ಹೊತ್ತಿಗೆ ಶಾಲೆ ಬಿಟ್ಟು ಬಸ್‌ಸ್ಟ್ಯಾಂಡಿನ ಹತ್ತಿರ ಬಂದರೆ ಅಲ್ಲಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿಯ ಬಂಡಿ. ಆ ಸಾಲಿನಲ್ಲಿ ಅವರು "ಕೈಕಾಲು ನಡುಗುವಷ್ಟು ಹಸಿವು" ಎಂದು ಬರೆದಿದ್ದರು. ಒಂದು ದಿನ ಎರಡು ಮಿರ್ಚಿ, ಇನ್ನೊಂದು ದಿನ ಮೂರು, ಜೊತೆಗೆ ಸಕ್ಕರೆ ಹೆಚ್ಚಿದ ಚಹಾ. ರಾತ್ರಿ ಎಲ್ಲರ ಊಟವಾದ ಮೇಲೆ ಎರಡು ರೊಟ್ಟಿ, ಎಣ್ಣೆ ಸುರಿದ ಶೇಂಗಾ ಚಟ್ನಿಪುಡಿ, ಕೊನೆಗೆ ಬೋಗುಣಿಯಲ್ಲಿ ಉಳಿದ ಅನ್ನ ಸಾರು. ಕೊನೆಯದರ ಎದುರು ಹಸಿವಿನ ಕಾಲಮಿನಲ್ಲಿ "ಇಲ್ಲ" ಎಂದಿತ್ತು. ಮನಸ್ಸಿನ ಕಾಲಮಿನಲ್ಲಿ "ಚೆಲ್ಲಿದರೆ ಪಾಪ" ಎಂದಿತ್ತು. ರಾತ್ರಿ ಅನ್ನ ಬಿಟ್ಟಿದ್ದೇನೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ತಟ್ಟೆಗೆ ಬಡಿಸಿಕೊಂಡದ್ದು ಮಾತ್ರ ಊಟ, ಬೋಗುಣಿಯಿಂದ ತಿಂದದ್ದು ಪಾತ್ರೆ ತೊಳೆಯುವ ಕೆಲಸದ ಭಾಗ ಎಂದು ಅವರ ಮನಸ್ಸು ತಿಳಿದಿತ್ತು. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಬಿಡಿಸಿ ಕೇಳದೆ ಯಾವ ಆಹಾರಪಟ್ಟಿ ಬರೆದುಕೊಟ್ಟರೂ ಅದು ವ್ಯರ್ಥ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಪುಸ್ತಕವನ್ನು ನಡುವೆ ಇಟ್ಟುಕೊಂಡು ಜಮಾಖರ್ಚು ಮಾಡಿದೆವು. ಎಪ್ಪತ್ತನಾಲ್ಕು ಕಿಲೋ ತೂಕದವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ, ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದುದನ್ನು ಕಳೆದು, ಹೆಚ್ಚುವರಿಯಾಗಿ ಖರ್ಚಾಗುವುದು ಅಂದಾಜು 160ರಿಂದ 200 ಕ್ಯಾಲೊರಿ. ಎಣ್ಣೆ ಹೀರಿದ ಎರಡು ದೊಡ್ಡ ಮಿರ್ಚಿ ಮತ್ತು ಒಂದು ಸಕ್ಕರೆ ಚಹಾ ಸೇರಿದರೆ ಅದನ್ನು ಮೀರಿಬಿಡುತ್ತದೆ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನಡಿಗೆಯೊಂದರಿಂದಲೇ ಅದನ್ನು ಕರಗಿಸಬೇಕಾದರೆ, ತಿನ್ನುವುದು ಒಂದು ತುತ್ತೂ ಹೆಚ್ಚಾಗದೆ, ಒಂದು ತಿಂಗಳಿಗೂ ಹೆಚ್ಚು ಕಾಲ ದಿನವೂ ನಡೆಯಬೇಕು. ಆದರೆ ತಿನ್ನುವುದು ಹೆಚ್ಚಾಗದೆ ಇರುವುದಿಲ್ಲ. ಬೆವರು ಸುರಿಸಿದವರಿಗೆ ಹಸಿವೂ ಹೆಚ್ಚು, "ನಡೆದಿದ್ದೇನೆ, ತಿಂದರೆ ತಪ್ಪೇನು" ಎಂಬ ಸಮಾಧಾನವೂ ಹೆಚ್ಚು, ಉಳಿದ ಹೊತ್ತಿನಲ್ಲಿ ದಣಿವಿನಿಂದ ಓಡಾಟವೂ ಕಡಿಮೆ. ಇದು ಇವರೊಬ್ಬರ ದೌರ್ಬಲ್ಯವಲ್ಲ, ಮನುಷ್ಯನ ದೇಹ ನಡೆದುಕೊಳ್ಳುವ ರೀತಿಯೇ ಹೀಗೆ. ಈ ಮಾತು ಕೇಳಿದಾಗ ಅವರ ಮುಖದಲ್ಲಿ ಮೊದಲ ಬಾರಿಗೆ ಸ್ವಲ್ಪ ಹಗುರ ಕಂಡಿತು.

ಹಗಲೆಲ್ಲ ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡಿರುವುದಕ್ಕೂ ಸಂಜೆಯ ಸಿಡುಕಿಗೂ ಇರುವ ನಂಟನ್ನೂ ವಿವರಿಸಬೇಕಾಯಿತು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು ಆರೋಗ್ಯವಂತರಾದ 36 ಯುವಕರಿಗೆ, ಅವರ ಒಪ್ಪಿಗೆಯಿಂದ, ಸುಮಾರು ಆರು ತಿಂಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು ಅಧ್ಯಯನ ಮಾಡಿದರು. ಆ ಯುವಕರಿಗೆ ಊಟದ ಹೊರತು ಬೇರೆ ಧ್ಯಾನವೇ ಇಲ್ಲವಾಯಿತು. ಸಿಟ್ಟು, ಖಿನ್ನತೆ, ಚಳಿ, ನಿರಾಸಕ್ತಿ ಹೆಚ್ಚಿದವು. ನಿರ್ಬಂಧ ತೆಗೆದ ಮೇಲೆ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಮಿರ್ಚಿ ಬಂಡಿಯ ಮುಂದೆ ತಮ್ಮ ಕೈ ತಡೆಯದಿರುವುದು ಚಪಲವೆಂದೂ ಸಂಸ್ಕಾರದ ಕೊರತೆಯೆಂದೂ ಈ ಶಿಕ್ಷಕಿ ತಮ್ಮನ್ನು ತಾವು ಹಳಿದುಕೊಳ್ಳುತ್ತಿದ್ದರು. "ಅಕ್ಕೋರೆ, ಅದು ಚಪಲ ಅಲ್ಲ, ಮಧ್ಯಾಹ್ನ ನೀವು ಉಣ್ಣದ ಊಟ ಸಂಜಿಗೆ ತನ್ನ ಬಾಕಿ ಕೇಳಾಕ ಬರ್ತದ" ಎಂದೆ.

ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಕಡಿಮೆ ತಿನ್ನಿ ಎಂಬುದಾಗಿರಲಿಲ್ಲ. ಮಧ್ಯಾಹ್ನ ಹೆಚ್ಚು ಉಣ್ಣಿ ಎಂಬುದಾಗಿತ್ತು. ಡಬ್ಬಿಯಲ್ಲಿ ಎರಡು ರೊಟ್ಟಿ, ಮೊಳಕೆ ಬರಿಸಿದ ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ ಒಂದು ಬಟ್ಟಲು, ಸೌತೆ ಉಳ್ಳಾಗಡ್ಡಿ, ಮೊಸರು. ಸಂಜೆ ಶಾಲೆ ಬಿಡುವ ಮುನ್ನವೇ, ಬಸ್‌ಸ್ಟ್ಯಾಂಡು ತಲುಪಿದ ಮೇಲೆ ಅಲ್ಲ, ಒಂದು ಹಿಡಿ ಪುಟಾಣಿ (ಹುರಿಗಡಲೆ) ಮತ್ತು ಒಂದು ಲೋಟ ಮಜ್ಜಿಗೆ. ಮಿರ್ಚಿಯನ್ನು ನಿಷೇಧಿಸಲಿಲ್ಲ. ವಾರಕ್ಕೊಮ್ಮೆ, ಶನಿವಾರ, ಮನೆಯವರೊಡನೆ ಕುಳಿತು, ಬೇಕೆಂದೇ ತಿನ್ನಿ ಎಂದೆ. ರಾತ್ರಿಯ ಬೋಗುಣಿಗೆ ಅವರೇ ದಾರಿ ಕಂಡುಕೊಂಡರು: ಅಕ್ಕಿಯನ್ನು ಒಂದು ಚಟಾಕು ಕಡಿಮೆ ಇಡುವುದು, ಉಳಿದರೆ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು.

ಅನ್ನ ಬಿಟ್ಟು ರೊಟ್ಟಿ ಹಿಡಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಹಳ ಗಟ್ಟಿಯಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಅನ್ನ ದಿನದ ಊಟವಾಯಿತು. ಆದ್ದರಿಂದ ಬೊಜ್ಜಿಗೂ ಸಕ್ಕರೆ ಕಾಯಿಲೆಗೂ ಅನ್ನವೇ ಕಾರಣವೆಂದು ಹಿರಿಯರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯದ ಒಂದು ಪಾಲಷ್ಟೇ ಇದೆ. ನೂರು ಗ್ರಾಂ ಜೋಳದಲ್ಲಿಯೂ ನೂರು ಗ್ರಾಂ ಅಕ್ಕಿಯಲ್ಲಿಯೂ ಇರುವ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 330ರಿಂದ 360ರೊಳಗೆ. ಜೋಳದಲ್ಲಿ ನಾರು ಮೂರು ಪಟ್ಟಿಗೂ ಹೆಚ್ಚು, ಅಗಿಯಲು ಹೊತ್ತು ಹಿಡಿಯುತ್ತದೆ, ಹಸಿವು ಬೇಗ ತಿರುಗಿ ಬರುವುದಿಲ್ಲ. ಅದರ ಲಾಭ ಅಲ್ಲಿದೆ. ಆದರೆ ಎಣಿಕೆ ಇಲ್ಲದೆ ತಿಂದ ರೊಟ್ಟಿಯೂ, ಅದರ ಮೇಲೆ ಹಾಕಿಕೊಂಡ ಎಣ್ಣೆಯೂ ಮೈಗೆ ಹತ್ತದೆ ಹೋಗುವುದಿಲ್ಲ.

ಎಣ್ಣೆಯ ವಿಷಯಕ್ಕೆ ಅತ್ತೆಯವರನ್ನು ಕರೆಸದೆ ಗತ್ಯಂತರವಿರಲಿಲ್ಲ. ಆರು ಜನರ ಮನೆಗೆ ತಿಂಗಳಿಗೆ ಏಳು ಲೀಟರ್ ಎಣ್ಣೆ ಖರ್ಚಾಗುತ್ತಿತ್ತು. ಆ ಹಿರಿಯರು ಮೊದಲು ಮುಖ ಬಿಗಿದುಕೊಂಡೇ ಕುಳಿತಿದ್ದರು. "ನಾವೂ ಎಣ್ಣಿ ಉಂಡ ಬೆಳದೀವಿ ತಾಯಿ, ನಮಗೇನಾಗಿತ್ತು?" ಎಂದರು. ಅವರ ಹರೆಯದಲ್ಲಿ ಹೊಲದ ಕೆಲಸ ಎಷ್ಟು ಹೊತ್ತು, ನೀರು ತರಲು ಎಷ್ಟು ದೂರ, ಎಣ್ಣೆಯನ್ನು ಮನೆಗೆ ಹೇಗೆ ತರುತ್ತಿದ್ದಿರಿ ಎಂದು ಕೇಳಿದೆ. ಗಾಣದಿಂದ ಸಣ್ಣ ಗಿಂಡಿಯಲ್ಲಿ ತರುತ್ತಿದ್ದೆವು, ಹಬ್ಬಕ್ಕೆ ಮಾತ್ರ ಬಾಣಲೆ ಇಡುತ್ತಿದ್ದೆವು ಎಂದು ಅವರೇ ಹೇಳುತ್ತ ಹೋದರು, ಹೇಳುತ್ತ ಹೇಳುತ್ತ ಸೊಸೆಯ ಕಡೆ ನೋಡಿದರು. ತಿಂಗಳ ಎಣ್ಣೆಯನ್ನು ನಾಲ್ಕು ಲೀಟರಿಗೆ ಇಳಿಸಿ, ವಾರದ ಪಾಲನ್ನು ಪ್ರತ್ಯೇಕ ಸೀಸೆಗೆ ತೆಗೆದಿಡುವ ಜವಾಬ್ದಾರಿಯನ್ನು ಅವರಿಗೇ ವಹಿಸಿದೆ. ಈ ಒಂದು ಬದಲಾವಣೆಯಿಂದ ತಲಾ ದಿನಕ್ಕೆ ಅಂದಾಜು 135 ಕ್ಯಾಲೊರಿ ಕಡಿಮೆಯಾಗುತ್ತದೆ, ಅಂದರೆ ಸೊಸೆಯ ಬೆಳಗಿನ ನಡಿಗೆಯ ಬಹುಪಾಲಿನಷ್ಟು. ಹೆಂಡತಿಯ ಊಟದ ಹೊತ್ತಿನಲ್ಲಿ ತೂಕದ ಮಾತು ಎತ್ತಬಾರದೆಂದು ಪತಿಗೆ ಹೇಳಿದೆ, ಅವರು ಒಪ್ಪಿದರು.

ಹಾಗಾದರೆ ನಡಿಗೆ ಏಕೆ ಬೇಕು ಎಂದು ಶಿಕ್ಷಕಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ತೂಕವನ್ನು ಇಳಿಸುವುದರಲ್ಲಿ ಊಟದ ಪಾಲು ದೊಡ್ಡದು. ಇಳಿದದ್ದನ್ನು ಮತ್ತೆ ಏರದಂತೆ ಹಿಡಿದಿಡುವುದರಲ್ಲಿ, ಸ್ನಾಯು ಸವೆಯದಂತೆ ಕಾಯುವುದರಲ್ಲಿ, ಸಕ್ಕರೆ ಮತ್ತು ರಕ್ತದೊತ್ತಡ ತಗ್ಗಿಸುವುದರಲ್ಲಿ, ನಿದ್ದೆ ಮತ್ತು ಮನಸ್ಸನ್ನು ಸುಧಾರಿಸುವುದರಲ್ಲಿ ವ್ಯಾಯಾಮದ ಪಾಲು ದೊಡ್ಡದು. ಬರೀ ಉಪವಾಸದಿಂದ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ. ಸ್ನಾಯು ಕಳೆದುಕೊಂಡ ದೇಹ ಕುಳಿತಲ್ಲಿ ಖರ್ಚು ಮಾಡುವ ಶಕ್ತಿಯೂ ಕಡಿಮೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರಿಗೆ ಹೇಳಿದೆ. ಊಟ ಮತ್ತು ನಡಿಗೆಯ ಕ್ರಮ ಪಾಲಿಸಿದವರಲ್ಲಿ ಮಧುಮೇಹ ಬರುವ ಸಂಭವ ಶೇಕಡ 28ರಷ್ಟು ಕಡಿಮೆಯಾಯಿತು, ಅದೂ ಅವರ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ತೂಕದ ಯಂತ್ರ ತೋರಿಸದ ಲಾಭವೂ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಎಂಟು ತಿಂಗಳ ಅವರ ಬೆಳಗುಗಳು ವ್ಯರ್ಥವಾಗಿರಲಿಲ್ಲ.

ನಡಿಗೆಯನ್ನು ಹಾಗೆಯೇ ಉಳಿಸಿಕೊಂಡು ಎರಡು ಸಂಗತಿ ಸೇರಿಸಿದೆವು. ವಾರದಲ್ಲಿ ಎರಡು ದಿನ ಬಲವ್ಯಾಯಾಮ: ಕೈಯಾಸರೆ ಇಲ್ಲದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಬಾಟಲಿ ಎತ್ತುವುದು. ಇನ್ನೊಂದು, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮಾಳಿಗೆಯ ಮೇಲೆ ಅಡ್ಡಾಡುವುದು; ಊಟದ ನಂತರ ಏರುವ ಸಕ್ಕರೆಗೆ ಅದು ಒಳ್ಳೆಯದು. ಏಪ್ರಿಲ್ ಮೇ ತಿಂಗಳಲ್ಲಿ ಪಾದರಸ ನಲವತ್ತು ದಾಟುವ ನಮ್ಮ ಊರುಗಳಲ್ಲಿ ಬೆಳಿಗ್ಗೆ ಏಳರೊಳಗೆ ನಡಿಗೆ ಮುಗಿಸಬೇಕೆಂದೂ ಎಚ್ಚರಿಸಿದೆ. ಪೇಟೆಯಲ್ಲಿ ಯಾರೋ ಮಾರುತ್ತಿದ್ದ ಹೊಟ್ಟೆ ಕರಗಿಸುವ ಬೆಲ್ಟನ್ನು ಕೊಳ್ಳಬೇಕೆಂದಿದ್ದರು. ಅದರಿಂದ ಹೋಗುವುದು ಬೆವರು ಮಾತ್ರ ಎಂದು ತಡೆದೆ. ಈ ಪ್ರಕರಣ ಓದುವವರಲ್ಲಿ ಸಕ್ಕರೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಊಟವನ್ನಾಗಲಿ ವ್ಯಾಯಾಮವನ್ನಾಗಲಿ ಬದಲಿಸಬಾರದು.

ಆರು ತಿಂಗಳಿಗೆ ಅವರ ತೂಕ 69.5 ಕಿಲೋಗೆ ಬಂದಿತು, ಸೊಂಟದ ಸುತ್ತಳತೆ 98 ಸೆಂಟಿಮೀಟರಿನಿಂದ 91ಕ್ಕೆ ಇಳಿಯಿತು, ಎಚ್‌ಬಿಎ1ಸಿ 5.8 ಆಯಿತು. ಸಂಜೆಯ ಸಿಡುಕು ಇವೆಲ್ಲಕ್ಕಿಂತ ಮೊದಲೇ, ಮಧ್ಯಾಹ್ನದ ಡಬ್ಬಿ ತುಂಬತೊಡಗಿದ ಕೆಲವೇ ದಿನಗಳಲ್ಲಿ ತಗ್ಗಿತ್ತು. ನಂತರ ತೂಕ ಅಲ್ಲಿಯೇ ನಿಂತಿತು. ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಇಂಧನ ಬೇಡವಾದ್ದರಿಂದ ಹೀಗೆ ನಿಲ್ಲುವುದು ಸಹಜ. ಆಗ ಊಟವನ್ನು ಇನ್ನಷ್ಟು ಕತ್ತರಿಸಬಾರದು ಎಂಬುದೇ ನನ್ನ ಸಲಹೆ. ಮೂರು ತಿಂಗಳು ಅದೇ ತೂಕವನ್ನು ಉಳಿಸಿಕೊಳ್ಳುವುದನ್ನೇ ಗುರಿಯಾಗಿಟ್ಟುಕೊಂಡು, ಬಲವ್ಯಾಯಾಮವನ್ನು ವಾರಕ್ಕೆ ಮೂರು ದಿನ ಮಾಡಿ ಎಂದಿದ್ದೇನೆ.

ಅವರ ಮನಸ್ಸಿನಲ್ಲಿದ್ದ ಕೊನೆಯ ಅಳುಕು ಜನವರಿಯ ಗವಿಸಿದ್ಧೇಶ್ವರ ಜಾತ್ರೆಯದು. ಮಹಾದಾಸೋಹದಲ್ಲಿ ಮನೆಮಂದಿಯೊಡನೆ ಪಂಕ್ತಿಗೆ ಕುಳಿತರೆ ಮಾದಲಿ, ಮಿರ್ಚಿ ಬೇಡ ಎನ್ನುವುದು ಹೇಗೆ ಎಂದು ಕೇಳಿದರು. ಬೇಡ ಎನ್ನಬೇಕಾಗಿಲ್ಲ, ಸಂತೋಷದಿಂದ ಪ್ರಸಾದ ತೆಗೆದುಕೊಳ್ಳಿ, ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡಿ, ಎಂದಿನ ಡಬ್ಬಿಯನ್ನೇ ಕಟ್ಟಿಕೊಂಡು ಶಾಲೆಗೆ ಹೋಗಿ, ಆ ವಾರ ತೂಕದ ಯಂತ್ರ ಹತ್ತಬೇಡಿ ಎಂದು ಹೇಳಿದ್ದೇನೆ.